ಚಾರ್ಜರ್ ಸಿಕ್ಕಿಸಿದರೆ ಗುಂಯ್, ಪಿನ್ ಮುರಿದರೆ ಜುಂ

ಪ್ರಶ್ನೆ: ನಮ್ಮದು ಅಂಕೋಲಾ ಕಡೆಯ ಐದು ಜನರ ಸಣ್ಣ ತಂಡ. ಮದುವೆ, ಗಣೇಶೋತ್ಸವ, ಜಾತ್ರೆಗಳಲ್ಲಿ ಭಕ್ತಿಗೀತೆ, ಸಿನಿಮಾ ಹಾಡು ಹಾಡುತ್ತೇವೆ. ನಾನು ಕೀಬೋರ್ಡ್ ನುಡಿಸುತ್ತೇನೆ, ಜೊತೆಗೆ ಲ್ಯಾಪ್‌ಟಾಪ್‌ನಿಂದ ಟ್ರ್ಯಾಕ್ ಬಿಡುತ್ತೇನೆ. ಹೆಡ್‌ಫೋನ್ ತೂತಿನಿಂದ ನೇರ ಮಿಕ್ಸರ್‌ಗೆ ವೈರ್. ಶಿರಸಿಯ ಒಂದು ಕಲ್ಯಾಣ ಮಂಟಪದಲ್ಲಿ ಚಾರ್ಜರ್ ಸಿಕ್ಕಿಸಿದ ಕೂಡಲೇ ಸ್ಪೀಕರ್‌ನಲ್ಲಿ ಗುಂಯ್ ಎಂದು ಸದ್ದು ಶುರುವಾಯಿತು. ಮೌಸ್ ಆಡಿಸಿದರೆ ಚಿರ್ ಚಿರ್. ಚಾರ್ಜರ್ ತೆಗೆದರೆ ಮಾಯ. ಮೈಕ್‌ಸೆಟ್‌ನ ಹುಡುಗ ಚಾರ್ಜರ್ ವೈರಿನ ದಪ್ಪ ಪಿನ್ ಮುರಿದುಕೊಟ್ಟ, ಸದ್ದು ನಿಂತಿತು. ಮೂರು ತಿಂಗಳು ಹಾಗೇ ನಡೆಯಿತು. ಮೊನ್ನೆ ಕುಮಟಾ ಹತ್ತಿರದ ಒಂದು ದೇವಸ್ಥಾನದ ಬಯಲಿನಲ್ಲಿ ಕಾರ್ಯಕ್ರಮ. ಮಳೆ ಬಂದು ನೆಲ ಒದ್ದೆಯಾಗಿತ್ತು. ಗೆಳೆಯನ ಮೂರು ಪಿನ್ನಿನ ವೈರ್ ಹಾಕಿದರೆ ಜೋರು ಗುಂಯ್. ನಮ್ಮ ಪಿನ್ ಮುರಿದ ವೈರ್ ಹಾಕಿದೆ, ಸದ್ದು ಹೋಯಿತು. ಆದರೆ ಹಾಡುವ ನನ್ನ ತಂಗಿಯ ತುಟಿ ಮೈಕಿಗೆ ತಾಗಿದಾಗಲೆಲ್ಲ ಜುಂ ಎನ್ನುತ್ತಿತ್ತು. ಲ್ಯಾಪ್‌ಟಾಪ್‌ಗೆ ಬರುವುದು ಬರೀ 19 ವೋಲ್ಟ್, ಏನೂ ಆಗುವುದಿಲ್ಲ ಅಂತಾರೆ. ಕೀಬೋರ್ಡಿನ ಅಡಾಪ್ಟರ್‌ಗೂ ಎರಡೇ ಪಿನ್ ಅಲ್ವಾ? ಇನ್ನು ಹದಿನೈದು ದಿನಕ್ಕೆ ಕಾರವಾರದಲ್ಲಿ ಕಾರ್ಯಕ್ರಮ ಇದೆ. ತಂಗಿ ಮೈಕ್ ಹಿಡಿಯಲು ಹೆದರುತ್ತಿದ್ದಾಳೆ.

ಉತ್ತರ: ತಂಗಿ ಹೆದರಿದ್ದು ಸರಿಯಾಗಿಯೇ ಇದೆ. ಮೊದಲು ಆ ಪಿನ್ ಮುರಿದ ವೈರನ್ನು ಸಾಕೆಟ್‌ನಿಂದ ತೆಗೆದು, ಕತ್ತರಿಸಿ ಎರಡು ತುಂಡು ಮಾಡಿ ಎಸೆಯಿರಿ. ಇಟ್ಟುಕೊಂಡರೆ ಒಂದು ದಿನ ಯಾರಾದರೂ ಅದನ್ನೇ ಇನ್ನೊಂದಕ್ಕೆ ಸಿಕ್ಕಿಸುತ್ತಾರೆ. ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಈ ಕರಾವಳಿಯಲ್ಲಿ ಸೌಂಡ್ ಮತ್ತು ವೈರಿಂಗ್ ಕೆಲಸ ಮಾಡಿದ್ದೇನೆ. ಲ್ಯಾಪ್‌ಟಾಪ್‌ಗೆಂದು ಪಿನ್ ಮುರಿದ ವೈರ್ ಆಂಪ್ಲಿಫೈಯರ್‌ಗೆ ಹೋಗಿ ಕುಳಿತದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

ಶಿರಸಿಯಲ್ಲಿ ಆದದ್ದು ಮತ್ತು ಕುಮಟಾದಲ್ಲಿ ಆದದ್ದು ಒಂದೇ ರೋಗ ಎಂದು ನೀವು ಅಂದುಕೊಂಡಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಸದ್ದು ಒಂದೇ ಥರ ಇತ್ತು, ಕಾರಣ ಬೇರೆ ಬೇರೆ.

ಶಿರಸಿಯದು ಸುಲಭದ್ದು. ನಿಮ್ಮ ಲ್ಯಾಪ್‌ಟಾಪ್ ವೇದಿಕೆಯ ಬೋರ್ಡಿನಲ್ಲಿ, ಮಿಕ್ಸರ್ ಹಾಲಿನ ಹಿಂದೆ ಇನ್ನೊಂದು ಬೋರ್ಡಿನಲ್ಲಿ ಇದ್ದಿರಬೇಕು. ಎರಡಕ್ಕೂ ಅರ್ಥಿಂಗ್ ಇದೆ. ಆದರೆ ಒಂದು ಬೋರ್ಡಿನ ಅರ್ಥಿಂಗ್ ಮತ್ತು ಇನ್ನೊಂದರ ಅರ್ಥಿಂಗ್ ನಡುವೆ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ. ನಿಮ್ಮ ಆಡಿಯೋ ವೈರಿನ ಹೊರಗಿನ ಜಾಲರಿ ಅವೆರಡನ್ನೂ ಜೋಡಿಸಿಬಿಡುತ್ತದೆ. ಆ ಜಾಲರಿಯಲ್ಲಿ 50 ಹರ್ಟ್ಸ್‌ನ ಕರೆಂಟ್ ಸುತ್ತುತ್ತದೆ. ಇದಕ್ಕೆ ಗ್ರೌಂಡ್ ಲೂಪ್ ಅಂತಾರೆ. ಹೆಡ್‌ಫೋನ್ ತೂತಿನಿಂದ ಬರುವ ಹಾಡು ಹೆಚ್ಚೆಂದರೆ ಒಂದು ವೋಲ್ಟ್‌ನ ಆಸುಪಾಸು. ಅದರ ನೂರರಲ್ಲಿ ಒಂದು ಪಾಲು ಗಲಾಟೆ ಸೇರಿದರೂ ಹಾಡು ನಿಂತಾಗ ಇಡೀ ಹಾಲಿಗೆ ಕೇಳುತ್ತದೆ. ಮೌಸ್ ಆಡಿಸಿದಾಗಿನ ಚಿರ್ ಚಿರ್ ಲ್ಯಾಪ್‌ಟಾಪ್‌ನ ಒಳಗಿನ ಗದ್ದಲ. ಅದೂ ಇದೇ ದಾರಿ ಹಿಡಿದು ಬರುತ್ತದೆ. ಪಿನ್ ಮುರಿದಾಗ ಸುತ್ತು ತುಂಡಾಯಿತು, ಸದ್ದು ನಿಂತಿತು. ಅಲ್ಲಿ ಮಿಕ್ಸರ್‌ಗೆ ತನ್ನದೇ ಅರ್ಥಿಂಗ್ ಇದ್ದದ್ದರಿಂದ ಯಾರಿಗೂ ಜುಂ ಅನ್ನಲಿಲ್ಲ. ಮುರಿದದ್ದೇ ಸರಿ ಎಂದು ಮೂರು ತಿಂಗಳು ನಂಬಿದಿರಿ.

ಈಗ ಕುಮಟಾ. ನೀವು ಬರೆದದ್ದನ್ನು ಎರಡು ಸಲ ಓದಿದೆ. ಪಿನ್ ಇದ್ದಾಗ ಗುಂಯ್, ಜುಂ ಇಲ್ಲ. ಪಿನ್ ಇಲ್ಲದಾಗ ಗುಂಯ್ ಇಲ್ಲ, ಜುಂ ಇದೆ. ಇದಕ್ಕೆ ನನಗೆ ಹೊಳೆಯುವ ಅರ್ಥ ಒಂದೇ: ಮಿಕ್ಸರ್ ಮತ್ತು ಆಂಪ್ಲಿಫೈಯರ್‌ಗಳಿಗೆ ಆ ದಿನ ಅರ್ಥಿಂಗೇ ಇರಲಿಲ್ಲ. ಇಡೀ ವೇದಿಕೆಯಲ್ಲಿ ಭೂಮಿಗೆ ಹೋಗುವ ದಾರಿ ಇದ್ದದ್ದು ನಿಮ್ಮ ಲ್ಯಾಪ್‌ಟಾಪ್ ಚಾರ್ಜರಿನ ಆ ಪಿನ್ ಒಂದೇ. ಎಲ್ಲ ಪೆಟ್ಟಿಗೆಗಳಿಂದ ಸೋರುವ ಕರೆಂಟ್ ನಿಮ್ಮ ಕೂದಲೆಳೆಯಂಥ ಆಡಿಯೋ ವೈರಿನ ಮೂಲಕ ಲ್ಯಾಪ್‌ಟಾಪ್‌ಗೆ ಬಂದು, ಅಲ್ಲಿಂದ ಭೂಮಿಗೆ ಇಳಿಯುತ್ತಿತ್ತು. ಅದಕ್ಕೇ ಅಷ್ಟು ಜೋರು ಗುಂಯ್. ಆ ಪಿನ್ ಹೋದದ್ದೇ ಸೋರುವ ಕರೆಂಟಿಗೆ ದಾರಿ ಮುಚ್ಚಿತು. ಆಗ ಸಿಕ್ಕ ಹೊಸ ದಾರಿ ಮೈಕಿನ ಜಾಲರಿ, ನಿಮ್ಮ ತಂಗಿಯ ತುಟಿ, ಬರಿಗಾಲು, ಒದ್ದೆ ನೆಲ.

ಸೋರುವುದು ಎಲ್ಲಿಂದ ಎಂದರೆ, ಮೂರು ಪಿನ್ನಿನ ಬಹುತೇಕ ಉಪಕರಣಗಳ ಒಳಗೆ ಫೇಸಿನಿಂದ ಮತ್ತು ನ್ಯೂಟ್ರಲ್‌ನಿಂದ ಲೋಹದ ಮೈಗೆ ಸಣ್ಣ ಕೆಪ್ಯಾಸಿಟರ್‌ಗಳನ್ನು ಬೇಕೆಂದೇ ಹಾಕಿರುತ್ತಾರೆ, ರೇಡಿಯೋ ಗದ್ದಲ ತಡೆಯಲು. ಅರ್ಥಿಂಗ್ ಇಲ್ಲದಿದ್ದರೆ ಆ ಮೈ 230ರ ಅರ್ಧ, ಅಂದರೆ ಸುಮಾರು 115 ವೋಲ್ಟ್ ತೋರಿಸುತ್ತದೆ. ಒಂದು ಪೆಟ್ಟಿಗೆಯಿಂದ ಬರುವ ಕರೆಂಟ್ ತೀರ ಕಡಿಮೆ. ಆದರೆ ಮಿಕ್ಸರ್, ನಾಲ್ಕು ಸ್ಪೀಕರ್, ಎರಡು ಆಂಪ್ಲಿಫೈಯರ್ ಎಲ್ಲವನ್ನೂ ಆಡಿಯೋ ವೈರ್‌ಗಳು ಒಟ್ಟಿಗೆ ಕಟ್ಟಿರುತ್ತವೆ. ಹನಿ ಹನಿ ಕೂಡಿ ಹಳ್ಳ ಅಂದ ಹಾಗೆ.

ಮನುಷ್ಯನಿಗೆ ಅರ್ಧದಿಂದ ಒಂದು ಮಿಲಿಆಂಪಿಯರ್ ಕರೆಂಟ್ ಮೈಯಲ್ಲಿ ಹರಿದರೆ ಜುಂ ಎಂದು ಗೊತ್ತಾಗುತ್ತದೆ. ಹತ್ತರ ಆಸುಪಾಸಿಗೆ ಹೋದರೆ ಸ್ನಾಯು ಬಿಗಿದು, ಹಿಡಿದ ಮೈಕನ್ನು ಬಿಡಲು ಆಗುವುದಿಲ್ಲ. ಮೂವತ್ತು ದಾಟಿ ಎದೆಯ ಮೂಲಕ ಹರಿಯುತ್ತಲೇ ಇದ್ದರೆ ಹೃದಯದ ಬಡಿತ ತಪ್ಪುವ ಅಪಾಯ. ತಂಗಿಗೆ ಆದದ್ದು ಮೊದಲನೇ ಮೆಟ್ಟಿಲು. ಅದೊಂದೇ ಆಗಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ನನ್ನ ಹೆದರಿಕೆ ಅದರ ಮುಂದಿನದು. ಅರ್ಥಿಂಗ್ ಇಲ್ಲದ ಆ ಸ್ಥಿತಿಯಲ್ಲಿ ಯಾವುದೋ ಹಳೆಯ ಆಂಪ್ಲಿಫೈಯರಿನೊಳಗೆ ಫೇಸ್ ವೈರ್ ಕಳಚಿ ಮೈಗೆ ತಾಗಿತು ಎನ್ನಿ. ಅರ್ಥಿಂಗ್ ಇದ್ದಿದ್ದರೆ ಫ್ಯೂಸ್ ಹಾರುತ್ತಿತ್ತು, ಕಾರ್ಯಕ್ರಮ ನಿಲ್ಲುತ್ತಿತ್ತು, ಅಷ್ಟೇ. ಅರ್ಥಿಂಗ್ ಇಲ್ಲದಿದ್ದರೆ ಏನೂ ಹಾರುವುದಿಲ್ಲ. ಸದ್ದೂ ಬರುವುದಿಲ್ಲ. ಹಾಡು ಚೆನ್ನಾಗಿಯೇ ಕೇಳುತ್ತಿರುತ್ತದೆ, ಮೈಕಿನ ಜಾಲರಿ ಪೂರ್ತಿ 230 ವೋಲ್ಟ್ ಹೊತ್ತು ನಿಂತಿರುತ್ತದೆ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವೆ ಎಂಬ ಗಿಟಾರ್ ವಾದಕ ವೇದಿಕೆಯ ಮೇಲೆಯೇ ಸತ್ತದ್ದು ಸರಿಯಾಗಿ ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ.

19 ವೋಲ್ಟ್‌ನ ಮಾತಿಗೆ ಬರೋಣ. ಚಾರ್ಜರಿನ ಹೊರಗೆ 19 ವೋಲ್ಟ್ ನಿಜ. ಅದರ ಒಳಗೆ 230ನ್ನು ಡಿಸಿ ಮಾಡಿದಾಗ 325 ವೋಲ್ಟ್‌ವರೆಗೆ ಇರುತ್ತದೆ. ಎರಡರ ನಡುವೆ ಇರುವುದು ಒಂದು ಸಣ್ಣ ಟ್ರಾನ್ಸ್‌ಫಾರ್ಮರಿನ ಇನ್ಸುಲೇಶನ್. ಒಳ್ಳೆ ಕಂಪನಿಯ ಚಾರ್ಜರಿನಲ್ಲಿ ಅದು ಗಟ್ಟಿಯಾಗಿಯೇ ಇರುತ್ತದೆ. ಪಿನ್ ಮುರಿದ ಮಾತ್ರಕ್ಕೆ ನಾಳೆಯೇ ಯಾರೋ ಸಾಯುತ್ತಾರೆ ಎಂದು ನಾನು ಹೇಳುವುದಿಲ್ಲ. ಆದರೆ ನಿಮ್ಮ ಬ್ಯಾಗಿನಲ್ಲಿರುವುದು ಒರಿಜಿನಲ್ಲೋ, ಹೋದ ವರ್ಷ ಅರ್ಜೆಂಟಿಗೆ ಕೊಂಡ ಡುಪ್ಲಿಕೇಟೋ? ಡುಪ್ಲಿಕೇಟ್ ಚಾರ್ಜರ್ ಬಿಚ್ಚಿ ನೋಡಿದ್ದೇನೆ. ಸುಮಾರು ಅರ್ಧ ಬೆರಳಗಲ ಅಂತರ ಇರಬೇಕಾದಲ್ಲಿ ಉಗುರಿನಷ್ಟು ದಪ್ಪದ ಅಂತರವೂ ಇರಲಿಲ್ಲ, ಮಧ್ಯೆ ಒಂದು ಸುತ್ತು ಹಳದಿ ಟೇಪು.

ಕೀಬೋರ್ಡಿನ ಅಡಾಪ್ಟರ್ ಎರಡೇ ಪಿನ್ ಇದ್ದರೂ ಸರಿ, ಏಕೆಂದರೆ ಅದನ್ನು ಮಾಡಿದ್ದೇ ಹಾಗೆ. ಅದರ ಲೇಬಲ್ ನೋಡಿ, ಒಂದು ಚೌಕದೊಳಗೆ ಇನ್ನೊಂದು ಚೌಕ ಇರುತ್ತದೆ. ಡಬಲ್ ಇನ್ಸುಲೇಶನ್ ಇದೆ, ಅರ್ಥಿಂಗ್ ಬೇಡ ಎಂದು ಅದರ ಅರ್ಥ. ಮೂರು ಪಿನ್ನಿನದರಲ್ಲಿ ಒಂದು ಮುರಿದರೆ ಅದು ಎರಡು ಪಿನ್ನಿನದಾಗುವುದಿಲ್ಲ, ಮಾರಾಯ್ರೇ. ಕೊಡೆಯ ಬಟ್ಟೆ ಹರಿದರೆ ಅದು ಕೋಲು ಆಗುತ್ತದೆಯೇ? ಅಂದಹಾಗೆ, ಆ ಪಿನ್ ಉಳಿದೆರಡಕ್ಕಿಂತ ಉದ್ದ ಮತ್ತು ದಪ್ಪ ಇರುವುದು ಸುಮ್ನೆ ಅಲ್ಲ. ಸಿಕ್ಕಿಸುವಾಗ ಎಲ್ಲಕ್ಕಿಂತ ಮೊದಲು ಅರ್ಥಿಂಗ್ ತಾಗಬೇಕು, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು.

ಇನ್ನು ಟೆಸ್ಟರ್. ಲ್ಯಾಪ್‌ಟಾಪ್ ಮೈಗೆ ಇಟ್ಟರೆ ಸಣ್ಣಗೆ ಉರಿಯುತ್ತದೆ, ಜನ ಹೆದರುತ್ತಾರೆ. ಇಲ್ಲವೇ 'ಸಣ್ಣಗೆ ಅಲ್ವಾ, ಬಿಡಿ' ಅನ್ನುತ್ತಾರೆ. ಟೆಸ್ಟರಿನ ನಿಯಾನ್ ದೀಪ ಸೋರುವ ಕರೆಂಟಿಗೂ ಉರಿಯುತ್ತದೆ, ನಿಜವಾದ ಫೇಸಿಗೂ ಉರಿಯುತ್ತದೆ. ಅದರಿಂದ ಎರಡನ್ನೂ ಬೇರೆ ಮಾಡಿ ಹೇಳಲು ಆಗುವುದಿಲ್ಲ. ಆದರೆ ಸಾಕೆಟ್ಟಿನ ಅರ್ಥ್ ತೂತಿನಲ್ಲೇ ಟೆಸ್ಟರ್ ಉರಿದರೆ ಆ ಬೋರ್ಡಿಗೆ ಏನನ್ನೂ ಸಿಕ್ಕಿಸಬೇಡಿ.

ಈಗ ಏನು ಮಾಡಬಹುದು ಎಂಬುದು. ಮೊದಲು ಅರ್ಥಿಂಗ್, ಆಮೇಲೆ ಸದ್ದು. ಈ ಕ್ರಮ ತಪ್ಪಿಸಬೇಡಿ. ಯಾಕೆಂದರೆ ಸದ್ದು ಹೋಗಿಸುವ ಒಳ್ಳೊಳ್ಳೆ ಪೆಟ್ಟಿಗೆಗಳಿವೆ. ಕುಮಟಾದಲ್ಲಿ ಅವನ್ನು ಹಾಕಿದ್ದರೂ ಗುಂಯ್ ನಿಲ್ಲುತ್ತಿತ್ತು, ತಂಗಿಗೆ ಜುಂ ಅನ್ನುವುದು ನಿಲ್ಲುತ್ತಿರಲಿಲ್ಲ.

ಪೆಂಡಾಲ್‌ನಲ್ಲಿ ನಾನು ಮೊದಲು ನೋಡುವುದು ಎಕ್ಸ್‌ಟೆನ್ಶನ್ ವೈರನ್ನು. ತುದಿಯಲ್ಲಿ ಮೂರು ತೂತಿನ ಚಂದದ ಬೋರ್ಡ್, ಅದಕ್ಕೆ ಬಂದದ್ದು ಎರಡೇ ಎಳೆಯ ವೈರ್. ನಮ್ಮಲ್ಲಿ ಇದು ತೀರ ಮಾಮೂಲಿ. ನಿಮ್ಮ ಕುಮಟಾದ ಕತೆಯೂ ಇದೇ ಇರಬೇಕು. ಹೊನ್ನಾವರ ಕಡೆ ಒಂದು ಯಕ್ಷಗಾನದ ರಾತ್ರಿ ಭಾಗವತರಿಗೆ ಮೈಕ್ ಜುಂ ಅನ್ನುತ್ತಿದೆ ಎಂದು ಕರೆದರು. ಹಸಿರು ವೈರ್ ಇತ್ತು, ಮೂರು ಎಳೆಯೂ ಇತ್ತು. ಟಾರ್ಚ್ ಹಿಡಿದು ಅದರ ಜಾಡು ಹಿಡಿದು ಹೋದೆ. ಜಮಖಾನೆಯ ಅಡಿಯಿಂದ ಚೌಕಿಯ ಹಿಂದೆ ಹೋಗಿ, ಚಪ್ಪರದ ಬಿದಿರಿಗೆ ನಾಲ್ಕು ಸುತ್ತು ಸುತ್ತಿ, ಮೇಲೆ ಟೇಪು ಹಚ್ಚಿ ಬಿಟ್ಟಿದ್ದರು. ಕೇಳಿದರೆ, 'ಬಿದಿರು ನೆಲದೊಳಗೆ ಇದೆಯಲ್ಲ' ಎಂದರು. ಆಟ ಶುರುವಾಗಲು ಇನ್ನು ಅರ್ಧ ಗಂಟೆ ಇತ್ತು. ಹತ್ತಿರದ ಬಾವಿಕಟ್ಟೆಯ ಪಕ್ಕ ಸದಾ ಒದ್ದೆ ಇರುವ ಜಾಗ ನೋಡಿ ಕಬ್ಬಿಣದ ಪೈಪ್ ಹೊಡೆದು, ಎರಡು ಕೊಡ ನೀರು ಹುಯ್ದು, ವೈರ್ ಬಿಗಿದ ಮೇಲೆ ಜುಂ ಹೋಯಿತು. ಹಾಗೆ ಅರ್ಧ ಗಂಟೆಯಲ್ಲಿ ಹೊಡೆದ ಪೈಪ್ ಸೋರುವ ಕರೆಂಟನ್ನು ಇಳಿಸುತ್ತದೆ. ಫ್ಯೂಸ್ ಹಾರಿಸುವಷ್ಟು ಕರೆಂಟ್ ಅದರಲ್ಲಿ ಹರಿಯುವುದಿಲ್ಲ. ಅದಕ್ಕೇ ಆ ರಾತ್ರಿ ನನ್ನ ಬ್ಯಾಗಿನ ಆರ್‌ಸಿಸಿಬಿಯನ್ನೂ, ಅಂದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚನ್ನೂ, ಲೈನಿಗೆ ಸೇರಿಸಿದೆ.

ನಮ್ಮ ನೆಲದ್ದೂ ಒಂದು ತಕರಾರಿದೆ. ಘಟ್ಟದ ಮೇಲೆ ಮತ್ತು ದಿಣ್ಣೆಗಳಲ್ಲಿ ಚಿರೇಕಲ್ಲು. ಮಾರ್ಚ್–ಏಪ್ರಿಲ್‌ನಲ್ಲಿ ಒಣಗಿ ನಿಂತರೆ ಒಂದಡಿ ಹೊಡೆದ ರಾಡ್ ಇದ್ದೂ ಇಲ್ಲದ ಹಾಗೆ. ನಮ್ಮ ಜಾತ್ರೆ, ಮದುವೆ ಜಾಸ್ತಿ ಇರುವುದೂ ಅದೇ ತಿಂಗಳುಗಳಲ್ಲಿ. ಕಡಲ ಕಡೆ ಮೇಲಿನ ಮರಳು ಒಣ, ಕೆಳಗೆ ಒದ್ದೆ. ಅಲ್ಲಿ ಆಳಕ್ಕೆ ಹೋದರೆ ಅರ್ಥಿಂಗ್ ಚೆನ್ನಾಗಿಯೇ ಸಿಗುತ್ತದೆ. ಆದರೆ ಉಪ್ಪುಗಾಳಿ ಕ್ಲ್ಯಾಂಪನ್ನು ತಿನ್ನುತ್ತದೆ. ಹಾಲಿನ ಹಿಂದಿನ ಅರ್ಥಿಂಗ್ ಗುಂಡಿಯ ಮುಚ್ಚಳ ತೆಗೆದು ನೋಡಿ. ತಾಮ್ರದ ವೈರ್ ಹಸಿರು ಕಟ್ಟಿ, ಬೋಲ್ಟ್ ತುಕ್ಕು ಹಿಡಿದು ಕೈಯಲ್ಲಿ ಅಲುಗಾಡಿದರೆ, ಗೋಡೆಯ ಮೇಲಿನ ಮೂರನೇ ತೂತು ಬರೀ ಅಲಂಕಾರ.

ಒಂದು ಮಲ್ಟಿಮೀಟರ್ ಇಟ್ಟುಕೊಳ್ಳಿ. ಫೇಸ್–ನ್ಯೂಟ್ರಲ್ 230ರ ಹತ್ತಿರ, ಫೇಸ್–ಅರ್ಥ್ ಸುಮಾರು ಅಷ್ಟೇ, ನ್ಯೂಟ್ರಲ್–ಅರ್ಥ್ ಒಂದೆರಡು ವೋಲ್ಟ್ ಇದ್ದರೆ ಒಳ್ಳೆಯ ಲಕ್ಷಣ. ನ್ಯೂಟ್ರಲ್–ಅರ್ಥ್ ಮೂವತ್ತು, ಅರವತ್ತು ಎಂದು ಅಲೆದಾಡಿದರೆ ಅರ್ಥಿಂಗ್ ಎಲ್ಲೋ ಕಡಿದಿದೆ. ಇಲ್ಲೊಂದು ಮೋಸ ಇದೆ. ಎಲ್ಲ ಲೈಟ್, ಆಂಪ್ಲಿಫೈಯರ್ ಓಡುತ್ತಿರುವಾಗಲೂ ಅದು ಅಚ್ಚುಕಟ್ಟಾಗಿ 0.0 ತೋರಿಸಿದರೆ ಖುಷಿಪಡಬೇಡಿ. ಬೋರ್ಡಿನೊಳಗೆ ನ್ಯೂಟ್ರಲ್‌ನಿಂದಲೇ ಒಂದು ತುಂಡು ವೈರ್ ಹಾಕಿ ಅರ್ಥ್‌ಗೆ ಲೂಪ್ ಮಾಡಿರಬಹುದು. ಅಂಥ ಬೋರ್ಡಿಗೆ ಬರುವ ನ್ಯೂಟ್ರಲ್ ಎಲ್ಲಾದರೂ ಕಡಿದರೆ ಸಿಕ್ಕಿಸಿದ ಪ್ರತಿಯೊಂದು ಪೆಟ್ಟಿಗೆಯ ಮೈಗೂ ಫೇಸ್ ಬರುತ್ತದೆ. ಬೋರ್ಡ್ ಬಿಚ್ಚಿಸಿ ನೋಡಿಸಿ. ಮೀಟರ್‌ಗಿಂತ ನಂಬಿಕಸ್ಥ ಪರೀಕ್ಷೆ ಫೇಸ್ ಮತ್ತು ಅರ್ಥ್ ನಡುವೆ ಹಳೇ ನಮೂನೆಯ 60 ವಾಟಿನ ಬಲ್ಬ್ ಉರಿಸುವುದು. ಅದನ್ನು ನೀವು ಮಾಡಬೇಡಿ. ಅರ್ಥಿಂಗ್ ಕಡಿದಿದ್ದರೆ ಆ ಬಲ್ಬಿನ ಮೂಲಕ ಎಲ್ಲ ಪೆಟ್ಟಿಗೆಗಳ ಮೈಗೂ ಫೇಸ್ ಹೋಗುತ್ತದೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಎಲ್ಲವನ್ನೂ ಕಿತ್ತಿಟ್ಟು ಮಾಡಲಿ.

ನಿಮ್ಮ ತಂಡಕ್ಕೆ ನಾನು ಕೊಳ್ಳಲು ಹೇಳುವ ಮೊದಲ ಸಾಮಾನು ಹೊಸ ಮೈಕ್ ಅಲ್ಲ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರುವ ಒಂದು ಬೋರ್ಡ್, ಅದಕ್ಕೆ ಮೂರು ಎಳೆಯ ದಪ್ಪ ವೈರ್. ಹಳಬರು ಇದನ್ನೇ ಇಎಲ್‌ಸಿಬಿ ಅನ್ನುತ್ತಾರೆ. ಹೋದ ಕರೆಂಟ್ ಅಷ್ಟೇ ವಾಪಸ್ ಬರುತ್ತಿದೆಯೇ ಎಂದು ಅದು ಸದಾ ನೋಡುತ್ತದೆ. 30 ಮಿಲಿಆಂಪಿಯರ್ ಬೇರೆ ದಾರಿ ಹಿಡಿದರೆ ರೆಪ್ಪೆ ಬಡಿಯುವಷ್ಟರಲ್ಲಿ ಲೈನ್ ಕಡಿಯುತ್ತದೆ. ಪ್ರತಿ ಕಾರ್ಯಕ್ರಮಕ್ಕೆ ಮೊದಲು ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ. ಆದರೆ ಇದು ಹಾಕಿದೆ ಎಂದು ಮೈಮರೆಯಬೇಡಿ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಹಿಡಿದವನನ್ನು ಇದು ಕಾಪಾಡುವುದಿಲ್ಲ. ಜನರೇಟರಿನ ನ್ಯೂಟ್ರಲ್ಲನ್ನು ಭೂಮಿಗೆ ಕಟ್ಟಿಲ್ಲದಿದ್ದರೆ ಎಷ್ಟೋ ಸಲ ಟ್ರಿಪ್ಪೂ ಆಗುವುದಿಲ್ಲ. ನೀವು ನಿಮ್ಮ ಬೋರ್ಡಿಗೆ ಬರೀ ಲ್ಯಾಪ್‌ಟಾಪ್, ಕೀಬೋರ್ಡ್ ಸಿಕ್ಕಿಸಿ, ಮಿಕ್ಸರ್ ಮತ್ತು ಆಂಪ್ಲಿಫೈಯರ್ ಮೈಕ್‌ಸೆಟ್‌ನವರ ಎರಡೆಳೆಯ ವೈರಿನಲ್ಲೇ ಉಳಿದರೂ ಪ್ರಯೋಜನ ಇಲ್ಲ. ವೇದಿಕೆಯ ಎಲ್ಲ ಸೌಂಡ್ ಒಂದೇ ಕಡೆಯಿಂದ ಬರಬೇಕು.

ಅರ್ಥಿಂಗ್ ಸರಿಯಾದ ಮೇಲೂ ಶಿರಸಿಯ ಥರದ ಗುಂಯ್ ಉಳಿಯಬಹುದು. ಖರ್ಚಿಲ್ಲದ ಉಪಾಯ ಎರಡು. ಒಂದು, ಟ್ರ್ಯಾಕ್ ಓಡುವಾಗ ಬ್ಯಾಟರಿಯಲ್ಲಿ ನಡೆಸಿ, ಭಾಷಣ–ಸನ್ಮಾನದ ಹೊತ್ತಿಗೆ ಚಾರ್ಜ್ ಮಾಡಿ. ನಮ್ಮ ಕಡೆ ಸನ್ಮಾನ ಮುಗಿಯುವಷ್ಟರಲ್ಲಿ ಬ್ಯಾಟರಿ ತುಂಬಿಯೇ ಬಿಡುತ್ತದೆ. ಬ್ಯಾಟರಿ ಹಳತಾಗಿದ್ದರೆ ನಡುಹಾಡಿನಲ್ಲಿ ಕೈಕೊಡುವ ಭಯ ಇದೆ. ಪವರ್ ಸೇವಿಂಗ್ ಮೋಡಿಗೆ ಹೋದರೆ ಟ್ರ್ಯಾಕ್ ಚಟಚಟ ಎಂದು ತುಂಡಾಗಲೂಬಹುದು, ಅದನ್ನು ಮೊದಲೇ ಆಫ್ ಮಾಡಿ. ಎರಡು, ಮಿಕ್ಸರ್ ಇರುವ ಬೋರ್ಡಿನಿಂದಲೇ ಮೂರೆಳೆಯ ವೈರ್ ತಂದು ಲ್ಯಾಪ್‌ಟಾಪ್‌ಗೆ ಕೊಡಿ. ಸದ್ದು ಅರ್ಧಕ್ಕಿಂತ ಹೆಚ್ಚು ಸಲ ಇಷ್ಟಕ್ಕೇ ಇಳಿಯುವುದನ್ನು ನೋಡಿದ್ದೇನೆ. ಸೀರಿಯಲ್ ಲೈಟ್, ಡಿಮ್ಮರ್ ಇರುವ ಲೈನಿನಿಂದ ಮಾತ್ರ ದೂರ ಇರಿ.

ಪಕ್ಕಾ ಪರಿಹಾರ ಬೇಕೆಂದರೆ ಡಿಐ ಬಾಕ್ಸ್, ಅಂದರೆ ಲ್ಯಾಪ್‌ಟಾಪ್ ಮತ್ತು ಮಿಕ್ಸರ್ ನಡುವೆ ಹಾಕುವ ಒಂದು ಸಣ್ಣ ಪೆಟ್ಟಿಗೆ. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ, ಎರಡು ಚಾನೆಲ್ಲಿನ ಪ್ಯಾಸಿವ್ (ಕರೆಂಟ್ ಬೇಡದ) ಡಿಐ ಕೊಳ್ಳಿ. ಹಾಡು ಟ್ರಾನ್ಸ್‌ಫಾರ್ಮರಿನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುತ್ತದೆ, ವೈರ್ ಮಾತ್ರ ಜೋಡಣೆಯಾಗುವುದಿಲ್ಲ. ಅದರ ಮೇಲೆ ಗ್ರೌಂಡ್ ಲಿಫ್ಟ್ ಎಂಬ ಸ್ವಿಚ್ ಇರುತ್ತದೆ. ಅದು ಕಡಿಯುವುದು ಆಡಿಯೋ ವೈರಿನ ಗ್ರೌಂಡನ್ನು, ಮೇನ್ಸ್ ಅರ್ಥಿಂಗನ್ನಲ್ಲ. ಮೈಕ್‌ಸೆಟ್‌ನ ಹುಡುಗ ಪಿನ್ ಮುರಿದು ಮಾಡಲು ಹೊರಟದ್ದನ್ನು ಈ ಸ್ವಿಚ್ ಸರಿಯಾದ ಜಾಗದಲ್ಲಿ ಮಾಡುತ್ತದೆ. ಕಾರಿನ ಸ್ಟೀರಿಯೋಗೆಂದು ಕೆಲವೇ ನೂರು ರೂಪಾಯಿಗೆ ಸಿಗುವ ಗ್ರೌಂಡ್ ಲೂಪ್ ಐಸೊಲೇಟರ್ ಕೂಡ ಸದ್ದು ನಿಲ್ಲಿಸುತ್ತದೆ. ಆದರೆ ಅದರ ಟ್ರಾನ್ಸ್‌ಫಾರ್ಮರ್ ಕಡಲೆಕಾಳಿನಷ್ಟು, ಜೋರು ಮಾಡಿದರೆ ಢೋಲಿನ ಗಡಸು ಸತ್ತುಹೋಗುತ್ತದೆ.

ಡಿಐ ಇಲ್ಲದೆ ಹೆಡ್‌ಫೋನ್ ತೂತಿನಿಂದ ಮೈಕಿನ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕನೆಕ್ಟರ್‌ಗೆ ಸುಮ್ಮನೆ ವೈರ್ ಬೆಸೆದು ಕೊಡುವವರಿದ್ದಾರೆ, ಬೇಡ. ಮಿಕ್ಸರ್ ಎಡ–ಬಲವನ್ನು ಕೂಡಿಸುವ ಬದಲು ಕಳೆದುಬಿಡುತ್ತದೆ. ಎರಡೂ ಕಡೆ ಸಮನಾಗಿರುವ ತಬಲಾ, ಬೇಸ್ ಮಾಯವಾಗಿ ಬರೀ ಎಕೋ ಉಳಿಯುತ್ತದೆ. ಮೇಲಿಂದ ಯಾರಾದರೂ ಮಿಕ್ಸರಿನಲ್ಲಿ ಮೈಕಿಗೆ ಕರೆಂಟ್ ಕೊಡುವ 48 ವೋಲ್ಟಿನ ಫ್ಯಾಂಟಮ್ ಗುಂಡಿ ಒತ್ತಿದರೆ ಲ್ಯಾಪ್‌ಟಾಪ್‌ನ ಸೌಂಡ್ ಚಿಪ್ ಸುಟ್ಟೇಹೋಗಬಹುದು.

ಯುಎಸ್‌ಬಿ ಸೌಂಡ್ ಕಾರ್ಡ್ ಒಳ್ಳೆಯದೇ, ಬ್ಯಾಲೆನ್ಸ್ಡ್ ಔಟ್ (ಒಂದೇ ಹಾಡನ್ನು ಎರಡು ಎಳೆಯಲ್ಲಿ ತಿರುವುಮುರುವಾಗಿ ಕಳಿಸುವ ಔಟ್) ಇದ್ದರೆ ಗದ್ದಲ ಬಹಳ ಕಡಿಮೆ ಆಗುತ್ತದೆ. ಪೂರ್ತಿ ಹೋಗದಿದ್ದರೆ ಮುಂದೆ ಡಿಐ ಸೇರಿಸಿ. ಎರಡು ಪಿನ್ನಿನ ಚಾರ್ಜರೇ ಬೇಕೆಂದರೆ ನಿಮ್ಮ ಲ್ಯಾಪ್‌ಟಾಪ್‌ಗೆ ಹೊಂದುವ, ಚೌಕದೊಳಗೆ ಚೌಕ ಇರುವ, ಬಿಐಎಸ್ ಗುರುತು ಮತ್ತು ನೋಂದಣಿ ಸಂಖ್ಯೆ ಇರುವ ಚಾರ್ಜರ್ ಕೊಳ್ಳಬಹುದು. ಅದು ಸಕ್ರಮ ದಾರಿ. ಲೋಹದ ಮೈಯ ಲ್ಯಾಪ್‌ಟಾಪ್ ಆದರೆ ಕೈಗೆ ಸ್ವಲ್ಪ ಜುಮುಜುಮು ಎನ್ನಬಹುದು, ಅದಕ್ಕೂ ಒಂದು ಮಿತಿ ಹಾಕಿದ್ದಾರೆ. ಬ್ಲೂಟೂತ್ ಬೇಡ. ಟ್ರ್ಯಾಕ್ ಹಿಂದೆ ಬೀಳುತ್ತದೆ, ನೀವು ಕೀಬೋರ್ಡಿನಲ್ಲಿ ಮುಂದೆ ಹೋಗುತ್ತೀರಿ.

ಇನ್ನು ಕಾರವಾರ. ಇವತ್ತೇ ಮೈಕ್‌ಸೆಟ್‌ನವರಿಗೆ ಫೋನ್ ಮಾಡಿ. ಹುಡುಗನ ಮೇಲೆ ತಪ್ಪು ಹೊರಿಸಿ ಮಾತು ಶುರುಮಾಡಬೇಡಿ. ಅವನಿಗೂ ಯಾರೋ ಹಾಗೇ ಕಲಿಸಿದ್ದಾರೆ, ನನಗೂ ಮೊದಲು ಹಾಗೇ ಕಲಿಸಿದ್ದರು. 'ಮಿಕ್ಸರಿಗೆ ಬರುವ ಎಕ್ಸ್‌ಟೆನ್ಶನ್ ಮೂರೆಳೆಯದಾ, ಅರ್ಥಿಂಗ್ ಎಲ್ಲಿ ಕೊಡ್ತೀರಿ' ಎಂದು ಕೇಳಿ. ಉತ್ತರ ತಡವರಿಸಿದರೆ ಎರಡು ಗಂಟೆ ಮೊದಲು ಎಲೆಕ್ಟ್ರಿಷಿಯನ್ ಕರೆದುಕೊಂಡು ಹೋಗಿ. ದೇವಸ್ಥಾನದ ವೇದಿಕೆ, ಚಪ್ಪಲಿ ಹಾಕುವಂತಿಲ್ಲ ಎಂದಾದರೆ ತಂಗಿ ನಿಲ್ಲುವಲ್ಲಿ ಒಣ ಪ್ಲೈವುಡ್ ಮೇಲೆ ರಬ್ಬರ್ ಮ್ಯಾಟ್ ಹಾಸಿ. ಮೈಕಿಗೆ ಸ್ಪಂಜಿನ ಟೊಪ್ಪಿ ಹಾಕಿದರೆ ತುಟಿಗೆ ಜುಂ ಅನ್ನುವುದಿಲ್ಲ. ಆದರೆ ಅದು ಲಕ್ಷಣವನ್ನು ಮುಚ್ಚುತ್ತದೆ, ರೋಗ ಹಾಗೇ ಇರುತ್ತದೆ. ಅದನ್ನು ನಂಬಿ ಹಾಡಬೇಡಿ.

ಹದಿನೈದು ದಿನದಲ್ಲಿ ಇದೆಲ್ಲ ಆಗುವ ಹಾಗೆ ಕಾಣದಿದ್ದರೆ ತಂಗಿಗೆ ಬ್ಯಾಟರಿಯ ಕಾರ್ಡ್‌ಲೆಸ್ ಮೈಕ್ ಬಾಡಿಗೆಗೆ ತನ್ನಿ. ಅವಳಿಂದ ಮಿಕ್ಸರಿಗೆ ವೈರೇ ಇಲ್ಲದಿದ್ದರೆ ಆ ದಾರಿಯಲ್ಲಿ ಕರೆಂಟ್ ಬರುವ ಪ್ರಶ್ನೆಯೇ ಇಲ್ಲ. ನಿಮ್ಮ ಕೀಬೋರ್ಡ್, ಲ್ಯಾಪ್‌ಟಾಪ್ ಮಾತ್ರ ವೈರಿನಲ್ಲೇ ಇರುತ್ತವೆ, ಹಾಗಾಗಿ ರಬ್ಬರ್ ಮ್ಯಾಟ್ ನಿಮ್ಮ ಕಾಲಡಿಗೂ ಒಂದು ಇರಲಿ. ಮೈಕಿಗೆ ಹೊಸ ಸೆಲ್ ಹಾಕಿ, ಒಂದು ಜೊತೆ ಜೇಬಿನಲ್ಲಿಟ್ಟುಕೊಳ್ಳಿ.